ಅಡಿ ಲೆಕ್ಕಕ್ಕಿಂತ ಹೊತ್ತಿನ ಲೆಕ್ಕ

ಮನೆ ರಿಪೇರಿಗೆ ಕೈ ಹಾಕಿದವರನ್ನು ಕೇಳಿದರೆ ಮೇಸ್ತ್ರಿ ಕೈಕೊಟ್ಟದ್ದು, ಅಂದಾಜು ಮೀರಿದ್ದು, ತಿಂಗಳುಗಟ್ಟಲೆ ಧೂಳು ಕುಡಿದದ್ದು ಹೇಳುತ್ತಾರೆ. ಇವೆಲ್ಲ ನಮಗೂ ಆದವು. ಆದರೆ ಒಂದೇ ಸೂರಿನಡಿ ಮೂರು ತಲೆಮಾರು ಇರುವ ಮನೆಯಲ್ಲಿ ಇವು ಎರಡನೆಯ ಸಾಲಿನ ಕಷ್ಟ. ಒಬ್ಬರಿಗೆ ಬೇಕೇ ಬೇಕಾದ ಗೋಡೆ ಇನ್ನೊಬ್ಬರಿಗೆ ಬೇಡವೇ ಬೇಡ ಅನ್ನಿಸುವುದು ಮೊದಲನೆಯದು.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಮಾವನವರು 1974ರಲ್ಲಿ ಕಟ್ಟಿಸಿದ ಹದಿನಾಲ್ಕು ಚದರದ ಮನೆ. ಮುಂದೆ ವರಾಂಡ, ಅದರ ಪಕ್ಕಕ್ಕೊಂದು ಕೋಣೆ, ಒಳಗೆ ಹಜಾರ, ಹಜಾರಕ್ಕೆ ಅಂಟಿಕೊಂಡು ಅಡುಗೆಮನೆ, ಹಿಂದೆ ಎರಡು ಮಲಗುವ ಕೋಣೆ, ಹಿತ್ತಲ ಕಡೆಗೆ ಬಚ್ಚಲುಗಳು. ಅತ್ತೆಗೆ ಎಂಬತ್ತು ಹತ್ತಿರ. ಮಡಿಯೂ ಉಂಟು, ಮಂಡಿನೋವೂ ಉಂಟು. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಂಜೆ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತಾರೆ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ರಾತ್ರಿ ಅಮೆರಿಕದವರ ಜೊತೆ ಮೀಟಿಂಗು. ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಒಲೆ ಮುಂದೆ ನಿಲ್ಲುವವಳು. ಸಾಲದ್ದಕ್ಕೆ ದಸರಾ ಬಂತೆಂದರೆ ಬೆಂಗಳೂರಿನಿಂದ ಮೈದುನನ ಸಂಸಾರ.

ಯಾರಿಗೆ ಏನು ಬೇಕು ಅಂತ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಬರೆದೆವು. ಅತ್ತೆ: ಅಡುಗೆಮನೆಗೆ ಗಟ್ಟಿ ಬಾಗಿಲು. ನಾನು: ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ಹೋಗಬೇಕು. ಮಗಳು: ಸದ್ದೇ ಇಲ್ಲದ ಕೋಣೆ, ಬಿಳಿ ಟೈಲ್ಸು. ಯಜಮಾನರು: ಸದ್ದು ಮಾಡುವುದಕ್ಕೊಂದು ಕೋಣೆ, ಅಪ್ಪ ಹಾಕಿಸಿದ ಕೆಂಪು ನೆಲ ಮುಟ್ಟಕೂಡದು. ಮೈದುನ ಫೋನಿನಲ್ಲೇ ಸೇರಿಸಿದ್ದು: ಒಂದು ಗೆಸ್ಟ್ ರೂಮಿರಲಿ ಅತ್ತಿಗೆ. ಡಿಸೈನರ್ ಕಂಪ್ಯೂಟರಿನಲ್ಲಿ ತೋರಿಸಿದ ಚಿತ್ರಗಳು ಚೆನ್ನಾಗಿಯೇ ಇದ್ದವು, ಆದರೆ ಒಂದರಲ್ಲೂ ಮನುಷ್ಯರಿರಲಿಲ್ಲ.

ಯಾರೂ ಕೇಳದ್ದಕ್ಕೆ ಮೊದಲ ದುಡ್ಡು

ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಬ್ಬರಿದ್ದರು, ಸ್ವತಃ ಮನೆ. ಅದು ಕಟ್ಟಿದ್ದು ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲದಲ್ಲಿ. ಸರ್ಕಾರ ಆ ಹಿಡಿತವನ್ನು ಅರ್ಧ ಸಡಿಲಿಸಿದ್ದು 1982ರಲ್ಲಿ, ಪೂರ್ತಿ ಬಿಟ್ಟದ್ದು 1989ರಲ್ಲಿ. ಕಂಬ, ತೊಲೆ ಅಂತ ಕಾಂಕ್ರೀಟು ಸುರಿಯುವ ರೂಢಿ ಆಗಿನ ಸಾಧಾರಣ ಮನೆಗಳಿಗಿರಲಿಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗಳೇ ಚಾವಣಿ ಹೊರುತ್ತವೆ. ನಾನು ಒಡೆಸಬೇಕೆಂದಿದ್ದ ಗೋಡೆಯನ್ನು ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿ ನೋಡಿದ. “ಅಮ್ಮಾ, ಇದು ಬರೀ ಗ್ವಾಡೆ ಅಲ್ಲ. ಇದ್ನ ಹೊಡುದ್ರೆ ಮ್ಯಾಲಿಂದೆಲ್ಲ ಕೆಳಕ್ ಬತ್ತದೆ” ಅಂದ. ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಕೇಳಿದಾಗ ಅವರೂ ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳಿದರು. ಮೇಲೆ ಲಿಂಟಲ್ ಕೊಟ್ಟು ನಾಲ್ಕಡಿ ಅಗಲದ ಕಿಂಡಿ ಮಾಡಬಹುದು, ಗೋಡೆ ಪೂರ್ತಿ ತೆಗೆಯಬೇಕಾದರೆ ಕೆಳಗಿನಿಂದ ಆನಿಕೆ ಕೊಟ್ಟು ಕಬ್ಬಿಣದ ತೊಲೆ ಕೂರಿಸಬೇಕು, ಖರ್ಚು ಬೇರೆಯದೇ. ನನ್ನ ಬೇಡಿಕೆಯ ಮುಕ್ಕಾಲು ಪಾಲನ್ನು ಅತ್ತೆ ಬಾಯಿ ತೆರೆಯುವ ಮೊದಲೇ ಮನೆ ತಳ್ಳಿಹಾಕಿತ್ತು. ಎರಡು ಮಲಗುವ ಕೋಣೆಗಳ ನಡುವಿನದು ಮಾತ್ರ ನಾಲ್ಕೂವರೆ ಇಂಚಿನ ಅಡ್ಡಗೋಡೆ. ಅದು ಏನನ್ನೂ ಹೊತ್ತಿರಲಿಲ್ಲ.

ವೈರಿಂಗು ಇನ್ನೂ ಮರದ ಪಟ್ಟಿಯ ಮೇಲೆ ಓಡುತ್ತಿತ್ತು, ಅರ್ಧದಷ್ಟು ಪಾಯಿಂಟುಗಳಿಗೆ ಅರ್ತಿಂಗೇ ಇರಲಿಲ್ಲ. ಕಬ್ಬಿಣದ ಪೈಪನ್ನು ಕತ್ತರಿಸಿ ನೋಡಿದರೆ ಒಳಗೆ ತುಕ್ಕು ಕಟ್ಟಿ ಪೆನ್ಸಿಲು ತೂರುವಷ್ಟೇ ದಾರಿ. ಮೊದಲ ಕಂತಿನ ಹಣ ಹೋದದ್ದು ಅಲ್ಲಿಗೆ: ಹೊಸ ವೈರು, ಪ್ರತಿ ಪಾಯಿಂಟಿಗೂ ಅರ್ತು, ಮೂವತ್ತು ಮಿಲಿಆಂಪ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ, ಸಿಪಿವಿಸಿ ಪೈಪು. ಇದನ್ನು ಯಾರೂ ಕೇಳಿರಲಿಲ್ಲ, ನೆಂಟರು ಬಂದರೆ ತೋರಿಸುವುದಕ್ಕೂ ಆಗುವುದಿಲ್ಲ. ಆದರೂ ಪಟ್ಟಿಯಲ್ಲಿರುವವರೆಲ್ಲ ಜಗಳಕ್ಕೆ ಕೂರುವ ಮೊದಲು ಈ ಹಣ ತೆಗೆದಿಟ್ಟದ್ದು ಒಳ್ಳೆಯದಾಯಿತು. ಹಂಚಿಕೊಳ್ಳಲು ನಿಜವಾಗಿ ಎಷ್ಟು ಉಳಿದಿದೆ ಎಂಬುದು ಎಲ್ಲರಿಗೂ ಒಂದೇ ಸಲ ಗೊತ್ತಾಯಿತು. ಅದಾದ ಮೇಲೆ ಬೇಡಿಕೆಗಳು ತಾವಾಗಿಯೇ ಸ್ವಲ್ಪ ತಗ್ಗಿದವು.

ಏನು ಬೇಕು, ಯಾಕೆ ಬೇಕು

ಅಡುಗೆಮನೆಯ ಬಾಗಿಲ ವಿಷಯ ಮಾತ್ರ ತಗ್ಗಲಿಲ್ಲ. ಒಂದು ದಿನ ಅವರೆಕಾಳು ಸುಲಿಯುತ್ತ ಕೂತಿದ್ದಾಗ ಕೇಳಿದೆ: “ಬಾಗಿಲು ಯಾಕೆ ಬೇಕು ಅತ್ತೆ, ಹೇಳಿ ನೋಡೋಣ.”

“ಬಾಗಿಲೇ ಆಗ್ಬೇಕು ಅಂತೇನಿಲ್ಲ ಕಣೆ. ಬೆಳಗ್ಗೆ ನೈವೇದ್ಯಕ್ಕೆ ಮುಂಚೆ ಯಾರೋ ಬಂದು ಪಾತ್ರೆಗೆ ಕೈ ಹಾಕ್ತಾರಲ್ಲ, ಅದು ಆಗ್ಬಾರ್ದು ನೋಡು. ಆ ಹುಡುಗರು ಪಾಠಕ್ಕೆ ಬಂದೋರು ನೀರು ನೀರು ಅಂತ ಸೀದಾ ಒಳಗೇ ಬಂದ್ಬಿಡ್ತಾವೆ.” ಒಂದೆರಡು ಕಾಯಿ ಸುಲಿದು, ದನಿ ತಗ್ಗಿಸಿ ಸೇರಿಸಿದರು: “ಮತ್ತೆ ನಾನು ಅಲ್ಲಿ ಒಂದು ಗಳಿಗೆ ಕೂತ್ಕೊಂಡಿದ್ರೆ ಬಂದೋರೆಲ್ಲ ನೋಡ್ತಾರೆ. ಏನಮ್ಮಾ, ಆಗಲ್ವಾ ನಿಮಗೆ ಅಂತಾರೆ.”

ಎರಡನೆಯ ಮಾತು ಯಾವ ಪಟ್ಟಿಯಲ್ಲೂ ಬರುವಂಥದ್ದಲ್ಲ. ಅವರಿಗೆ ಬೇಕಿದ್ದುದು ದಣಿದು ಕೂತದ್ದು ಯಾರ ಕಣ್ಣಿಗೂ ಬೀಳದ ಒಂದು ಮರೆ. ನನ್ನ ಬೇಡಿಕೆಯನ್ನೂ ಹಾಗೆಯೇ ಕೆದಕಿಕೊಂಡೆ. ಮ್ಯಾಗಜೀನಿನ ಚಿತ್ರದಂಥ ತೆರೆದ ಅಡುಗೆಮನೆ ನನಗೇನೂ ಬೇಕಿರಲಿಲ್ಲ. ಎಲ್ಲರೂ ಹಜಾರದಲ್ಲಿ ಮಾತಾಡುತ್ತ ಕೂತಿರುವಾಗ ನಾನೊಬ್ಬಳೇ ಗೋಡೆ ನೋಡಿಕೊಂಡು ಚಪಾತಿ ಲಟ್ಟಿಸುವುದು ಸಾಕಾಗಿತ್ತು, ಅಷ್ಟೆ.

ಹೀಗೆ ಬಿಡಿಸಿದ ಮೇಲೆ ನೋಡಿದರೆ ಅತ್ತೆಗೆ ಮರೆ ಬೇಕಿದ್ದುದು ಬೆಳಗಿನ ಒಂಬತ್ತರವರೆಗೆ. ನನಗೆ ಜನ ಬೇಕಿದ್ದುದು ಸಂಜೆ ಏಳರ ಮೇಲೆ. ಎಂಜಿನಿಯರ್ ಒಪ್ಪಿದ ನಾಲ್ಕಡಿ ಕಿಂಡಿಗೆ ಮಡಚಿ ಸರಿಸುವ ಮರದ ಕದ ಹಾಕಿಸಿದೆವು. ಬೆಳಗ್ಗೆ ಮುಚ್ಚಿರುತ್ತದೆ, ಸಂಜೆ ತೆರೆದಿರುತ್ತದೆ, ಒಗ್ಗರಣೆ ಹಾಕುವಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಪಾಠದ ಹುಡುಗರಿಗೆ ವರಾಂಡದಲ್ಲೇ ಕುಡಿಯುವ ನೀರಿನ ನಲ್ಲಿ ಕೊಟ್ಟೆವು. ನಲ್ಲಿಗೆ ಆದ ಖರ್ಚು ಬಾಗಿಲಿನ ಕಾಲುಪಾಲೂ ಅಲ್ಲ.

ಅಡುಗೆ ಕಟ್ಟೆಯ ಎತ್ತರದಲ್ಲೂ ಇದೇ ತಕರಾರು. ನಿಂತು ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕರಿಂದ ಆರಿಂಚು ಕೆಳಗೆ ಕಟ್ಟೆಯಿದ್ದರೆ ಬೆನ್ನಿಗೆ ಹಿತ. ನನ್ನ ಮೊಣಕೈಗೆ ಅದು ಮೂವತ್ತನಾಲ್ಕು ಇಂಚು, ಕುಳ್ಳಗಿರುವ ಅತ್ತೆಗೆ ಮೂವತ್ತು. ನಡುವಿನ ಮೂವತ್ತೆರಡಕ್ಕೆ ರಾಜಿಯಾಗಿ ಅಂದವರೇ ಹೆಚ್ಚು. ಹಾಗೆ ಮಾಡಿದ್ದರೆ ಇಬ್ಬರಿಗೂ ಬೆನ್ನುನೋವು ಸಮನಾಗಿ ಹಂಚಿದಂತಾಗುತ್ತಿತ್ತು. ಒಲೆ, ಸಿಂಕು ಇರುವ ಕಟ್ಟೆಯನ್ನು ನನ್ನ ಎತ್ತರಕ್ಕೇ ಮಾಡಿಸಿ, ಪೂರ್ವದ ಕಿಟಕಿಯ ಕೆಳಗೆ ಇಪ್ಪತ್ತೆಂಟಿಂಚಿನ ಇನ್ನೊಂದು ತಗ್ಗು ಕಟ್ಟೆ ಮಾಡಿಸಿದೆವು. ಅದರಡಿ ಬೀರು ಇಲ್ಲ. ಸ್ಟೂಲು ಎಳೆದುಕೊಂಡು ಕೂತರೆ ಮಂಡಿ ಒಳಗೆ ಹೋಗುತ್ತದೆ. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಹೂ ಕಟ್ಟುವುದು ಅಲ್ಲಿ. ಕಿಂಡಿ ತೆರೆದಿದ್ದರೂ ಆ ಮೂಲೆ ಹಜಾರಕ್ಕೆ ಕಾಣುವುದಿಲ್ಲ.

ಇಂದಿನ ಮಾಡ್ಯುಲರ್ ಅಡುಗೆಮನೆಯ ಮೂಲ ಹುಡುಕುತ್ತ ಹೋದರೆ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸಿಗುತ್ತದೆ. ಸುಮಾರು ಆರಡಿ ಅಗಲ, ಹನ್ನೊಂದಡಿ ಉದ್ದ. ಹೆಂಗಸಿನ ಹೆಜ್ಜೆ ಉಳಿಸಬೇಕೆಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ್ದು. ಕಿಟಕಿಯ ಬಳಿ ಕೂತು ಹೆಚ್ಚಲು ತಿರುಗುವ ಸ್ಟೂಲೂ ಇತ್ತು. ಆದರೆ ಅಲ್ಲಿ ಒಬ್ಬಳೇ ಕೆಲಸ ಮಾಡಬಹುದಿತ್ತು, ಇನ್ನೊಬ್ಬಳು ಒಳಗೆ ಬಂದರೆ ಮೈಗೆ ಮೈ ತಾಗುತ್ತಿತ್ತು. ನಮ್ಮಲ್ಲಿ ಮಾರುವ ಸಿದ್ಧ ನಕ್ಷೆಗಳಲ್ಲೂ ಈ ಒಂಟಿ ಗೃಹಿಣಿ ಇನ್ನೂ ನಿಂತಿದ್ದಾಳೆ. ಅತ್ತೆ, ಸೊಸೆ, ಪಾತ್ರೆ ತೊಳೆಯುವವರು ಒಂದೇ ಹೊತ್ತಿಗೆ ಓಡಾಡುವ ಅಡುಗೆಮನೆಯಲ್ಲಿ ಕಟ್ಟೆಗಳ ನಡುವೆ ನಾಲ್ಕಡಿಯಾದರೂ ಜಾಗ ಬಿಡಬೇಕು. ಎರಡು ಡ್ರಾಯರ್ ಕಡಿಮೆಯಾದರೂ ಸರಿ ಅಂತ ನಾವು ಅದನ್ನು ಬಿಡಿಸಿದೆವು.

ಗೋಡೆಗೆ ಅಂಟಿಸಿದ ವೇಳಾಪಟ್ಟಿ

ಕಿಂಡಿ ಬಗೆಹರಿದ ಮೇಲೆ ಧೈರ್ಯ ಬಂದು, ಮನೆಯ ಎಲ್ಲ ಕೋಣೆಗಳಿಗೂ ಕಾಲೇಜಿನ ಟೈಮ್ ಟೇಬಲ್ಲಿನ ಹಾಗೆ ಚೌಕ ಹಾಕಿದೆ. ಅಡ್ಡಕ್ಕೆ ಕೋಣೆ, ಉದ್ದಕ್ಕೆ ಗಂಟೆ. ಯಾರು ಎಲ್ಲಿ, ಏನು ಮಾಡುತ್ತ ಇರುತ್ತಾರೆ. ಮೃದಂಗ ಮತ್ತು ಮೀಟಿಂಗಿನ ನಡುವೆ ಇದೆ ಎಂದು ನಾವು ನಂಬಿದ್ದ ವೈರ ಅದರಲ್ಲಿ ಅರ್ಧ ಗಂಟೆಗೆ ಇಳಿಯಿತು. ಪಾಠ ಐದರಿಂದ ಎಂಟು. ಮಗಳ ಮೀಟಿಂಗು ಏಳೂವರೆಗೆ ಶುರು. ಕೊನೆಯ ಬ್ಯಾಚನ್ನು ಅರ್ಧ ಗಂಟೆ ಮುಂಚೆ ತಂದದ್ದಕ್ಕೆ ಒಂದು ಇಟ್ಟಿಗೆಯೂ ಬೇಕಾಗಲಿಲ್ಲ.

ಮುಂದಿನ ಕೋಣೆಗೆ ವರಾಂಡದಿಂದಲೇ ಬಾಗಿಲಿರುವುದರಿಂದ ಪಾಠ ಅಲ್ಲಿಗೆ ಹೋಯಿತು. ಹುಡುಗರ ಚಪ್ಪಲಿಯೂ ಹಜಾರ ದಾಟುವುದಿಲ್ಲ. ಮಗಳ ಕೋಣೆ ಹಿಂದಿನ ಕಡೆಯ ತುದಿಗೆ. ಹಾಗಿದ್ದರೂ ಮೃದಂಗದ ತೊಪ್ಪಿಯ ಗುಮ್ಮೆನ್ನುವ ನಾದ ದೂರದವರೆಗೂ ಹರಿಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ, ಫೋಮು ಅಂಟಿಸಿ ಅಂತ ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಅವು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತವೆ, ಸದ್ದು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ತಡೆಯುವುದು ತೂಕ. ನಮ್ಮ ಒಂಬತ್ತಿಂಚಿನ ಗೋಡೆಗೆ ತೂಕ ಸಾಕಷ್ಟಿತ್ತು. ಸೋರುತ್ತಿದ್ದುದು ಟೊಳ್ಳು ಬಾಗಿಲಿನಿಂದ, ಅದರಡಿಯ ಬೆರಳು ದಪ್ಪದ ಸಂದಿನಿಂದ. ಅಲ್ಲಿಗೆ ಗಟ್ಟಿ ಫ್ಲಶ್ ಡೋರು, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಬ್ರಷ್ ಪಟ್ಟಿ ಹಾಕಿಸಿದ ಮೇಲೆ ಮಗಳಿಗೆ ಕೇಳಿಸುವುದು ಪಕ್ಕದ ರಸ್ತೆಯ ಹಾರನ್ನೇ ಹೆಚ್ಚು.

ಗೆಸ್ಟ್ ರೂಮಿನ ಚೌಕದಲ್ಲಿ ವರ್ಷದ ಬಹುಪಾಲು ಬರೀ ಖಾಲಿ. ನೂರು ಚದರಡಿಯನ್ನು ಗುಡಿಸಿ ಒರೆಸಿ ಕಾಯುವುದು, ತುಂಬುವುದು ದಸರಾ ಹೊತ್ತಿಗೆ. ದಸರಾದಲ್ಲಿ ಪಾಠಕ್ಕೂ ರಜಾ. ಹೀಗಾಗಿ ಪಾಠದ ಕೋಣೆಗೇ ಕೆಳಗೆ ಹಾಸಿಗೆ ತುಂಬಿಡುವ ಎರಡು ದಿವಾನ್ ಬಂದವು. ಉಳಿದ ದಿನ ಹುಡುಗರನ್ನು ಕರೆತಂದ ಅಪ್ಪ ಅಮ್ಮಂದಿರು ಅದರ ಮೇಲೆ ಕೂರುತ್ತಾರೆ. ಮೈದುನನಿಗೆ ಗೆಸ್ಟ್ ರೂಮು ಸಿಕ್ಕಿತೋ ಇಲ್ಲವೋ ಅಂದರೆ, ಬಂದಾಗಲೆಲ್ಲ ಸಿಗುತ್ತದೆ.

ಹೊತ್ತಿನ ಲೆಕ್ಕ ನನಗೆ ಕಲಿಸಿದ್ದು ಇಷ್ಟು. ಜಾಗ ಸಾಲದು ಅಂತ ನಾವು ಜಗಳವಾಡುವ ಕಡೆಯಲ್ಲೆಲ್ಲ ಜಾಗವೇ ಕಡಿಮೆ ಇರುವುದಿಲ್ಲ. ಕಟ್ಟಿದ ಮನೆಗೆ ಒಂದು ಅಡಿ ಸೇರಿಸುವುದಕ್ಕೆ ಹಣ ಬೇಕು, ಕಾರ್ಪೊರೇಷನ್ನಿನ ಒಪ್ಪಿಗೆ ಬೇಕು. ಖಾಲಿ ಬಿದ್ದ ಗಂಟೆಗಳನ್ನು ಹುಡುಕುವುದಕ್ಕೆ ಒಂದು ಹಾಳೆ, ಪೆನ್ನು ಸಾಕು.

ಹೊತ್ತಿಲ್ಲದ ಅಗತ್ಯಗಳು

ಕೆಲವಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಅತ್ತೆಯ ಬಚ್ಚಲನ್ನು ಚೌಕಾಸಿಯ ಹೊರಗಿಟ್ಟೆವು. ಅವರ ಕೋಣೆಗೆ ಹತ್ತಿರದ ಬಚ್ಚಲಿಗೆ ಕಮೋಡು, ಒರಟು ಟೈಲು, ನೀರು ನಿಲ್ಲದಂತೆ ಅಡಿಗೆ ಕಾಲಿಂಚಿನ ಇಳಿಜಾರು. ಯಜಮಾನರಿಗೆ ಬೇಕಾದ ಹಳೆಯ ಮಾದರಿಯದು ಹಿತ್ತಲ ಕಡೆ ಉಳಿಯಿತು. ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿದೆವು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಗೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾರರು. ಚಿಲಕವೂ ಹೊರಗಿನಿಂದ ತೆಗೆಯಬಹುದಾದದ್ದು.

ಹಿಡಿಕಂಬಿಗೆ ಅತ್ತೆ ಒಪ್ಪಲಿಲ್ಲ. “ಆಸ್ಪತ್ರೆ ಮಾಡ್ತೀರೇನೋ ಮನೇನ?” ಅಂದರು ಮಗನಿಗೆ. ಅವರ ಮಾತನ್ನು ಹಠ ಎಂದು ತಳ್ಳುವುದು ಸುಲಭವಿತ್ತು. ಮನೆಗೆ ಬಂದವರೆದುರು ಕೂತು ಕಾಣಬಾರದು ಅಂದವರೇ ಇವರು ಎಂದು ನೆನಪಾಯಿತು. ಎರಡೂ ಬಚ್ಚಲಿಗೆ ಒಂದೇ ಥರದ ಕಂಬಿ ಹಾಕಿಸಿ, ಅದರ ಮೇಲೆ ಟವೆಲು ನೇತುಹಾಕಿದೆವು. ಒಬ್ಬರಿಗೆಂದು ಹಾಕಿದ್ದಲ್ಲ, ಮನೆಗೆ ಹಾಕಿದ್ದು ಎಂದಾದ ಮೇಲೆ ಅವರು ಅದನ್ನು ಹಿಡಿಯುತ್ತಾರೆ. ಒಂದು ಎಚ್ಚರ: ಅಂಗಡಿಯ ಮಾಮೂಲು ಟವೆಲ್ ರಾಡು ಮೈಭಾರ ತಡೆಯುವುದಿಲ್ಲ. ಕಂಬಿ ಹಿಡಿಕೆಯದ್ದೇ ಇರಬೇಕು, ಇಟ್ಟಿಗೆಯೊಳಕ್ಕೆ ಬೋಲ್ಟು ಇಳಿದಿರಬೇಕು.

ಹೊಸಿಲಿನದು ಇನ್ನೊಂದು ಕಥೆ. ಎಡವುವುದು ಅಲ್ಲೇ, ಅರಿಸಿನ ಕುಂಕುಮ ಇಡುವುದೂ ಅಲ್ಲೇ. ಅತ್ತೆಯೇ ದಾರಿ ಹೇಳಿದರು: ಪೂಜೆ ಇರುವುದು ತಲೆಬಾಗಿಲಿನ ಹೊಸಿಲಿಗೆ, ಒಳಗಿನವನ್ನೆಲ್ಲ ತೆಗೆಸಿ. ತಲೆಬಾಗಿಲಿನ ಮುಂದೆ ಇಳಿಜಾರು ದಾರಿ ಮಾಡಿಸುವ ಆಸೆಯನ್ನು ಗಣಿತ ಬಿಡಲಿಲ್ಲ. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಲೆಕ್ಕ. ನೆಲ ಒಂದೂವರೆ ಅಡಿ ಮೇಲಿದ್ದರೆ ಹದಿನೆಂಟಡಿ ಉದ್ದ ಬೇಕು. ಗೇಟಿನಿಂದ ಬಾಗಿಲಿಗೆ ನಮ್ಮಲ್ಲಿರುವುದೇ ಹನ್ನೆರಡು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲಿಗೆ ಏಳೂವರೆ ಇಂಚಿನವರೆಗೆ ಎತ್ತರ ಒಪ್ಪುತ್ತದೆ. ಅತ್ತೆಯ ಮಂಡಿ ಒಪ್ಪುವುದಿಲ್ಲ. ಆರಿಂಚಿನ ಮೂರು ಮೆಟ್ಟಿಲು ತೆಗೆದು ನಾಲ್ಕೂವರೆ ಇಂಚಿನ ನಾಲ್ಕು ಅಗಲ ಮೆಟ್ಟಿಲು ಮಾಡಿಸಿ, ಎರಡೂ ಕಡೆ ಹಿಡಿಕಂಬಿ ಕೊಟ್ಟೆವು. ಇಳಿಜಾರಿಗೆ ಬೇಕಾದರೆ ಇರಲಿ ಅಂತ ಪಕ್ಕದ ಓಣಿಯಲ್ಲಿ ಏನೂ ಕಟ್ಟಿಲ್ಲ.

ಯಾರು ಎಷ್ಟು ಬಿಟ್ಟರು

ಎಲ್ಲವೂ ಹೀಗೆ ಬಗೆಹರಿಯಿತು ಅಂದರೆ ಸುಳ್ಳಾಗುತ್ತದೆ. ಕೆಂಪು ನೆಲ, ಬಿಳಿ ಟೈಲಿನ ಜಗಳಕ್ಕೆ ಯಾವ ಟೈಮ್ ಟೇಬಲ್ಲೂ ಆಗಿಬರಲಿಲ್ಲ. ರೆಡ್ ಆಕ್ಸೈಡ್ ನೆಲವನ್ನು ಪೈಪಿಗಾಗಿ ಒಂದು ಕಡೆ ಕೊರೆದರೆ ಮುಗಿಯಿತು. ಐವತ್ತು ವರ್ಷ ಕಾಲು ಸವೆಸಿದ ಬಣ್ಣಕ್ಕೆ ಹೊಸ ತೇಪೆ ಹೊಂದುವುದೇ ಇಲ್ಲ. ಹಾಗಂತ ಅದರ ಮೇಲೆಯೇ ಟೈಲು ಹಾಕಿದರೆ ನೆಲ ಮುಕ್ಕಾಲರಿಂದ ಒಂದಿಂಚು ಏರುತ್ತದೆ. ಬಾಗಿಲುಗಳ ತಳ ಹೆರೆಯಬೇಕು, ಅದಕ್ಕಿಂತ ಹೆಚ್ಚಾಗಿ, ಆಗತಾನೆ ತೆಗೆಸಿದ ಹೊಸಿಲು ಇನ್ನೊಂದು ವೇಷದಲ್ಲಿ ವಾಪಸು ಬರುತ್ತದೆ. ಮಗಳ ಬೇಡಿಕೆ ತಾಗುತ್ತಿದ್ದುದು ಅಪ್ಪನ ನೆನಪಿಗೆ ಮಾತ್ರವಲ್ಲ, ಅಜ್ಜಿಯ ಕಾಲಿಗೂ.

ಕೊನೆಗೆ ಹಜಾರ, ವರಾಂಡ, ಮುಂದಿನ ಕೋಣೆ ಕೆಂಪಾಗಿಯೇ ಉಳಿದವು. ಅದಕ್ಕಾಗಿ ಪೈಪು ಹೊರಗೋಡೆ ಸುತ್ತಿ ಬಂತು, ಖರ್ಚು ಜಾಸ್ತಿಯಾಯಿತು. ಹಿಂದಿನ ಎರಡು ಕೋಣೆಯಲ್ಲಿ ಹಳೆಯ ನೆಲವನ್ನೇ ಕಿತ್ತು, ಹೊಸ ಟೈಲು ಅದೇ ಮಟ್ಟಕ್ಕೆ ಕೂರುವಂತೆ ಮಾಡಿಸಿದೆವು. ಯಜಮಾನರು ಚಿಕ್ಕಂದಿನಿಂದ ಕಂಡ ಕೋಣೆಯ ನೆಲ ಚೂರಾಗುವ ದಿನ ಅವರು ಮನೆಯಲ್ಲಿರಲಿಲ್ಲ. ಇರಬೇಡಿ ಅಂತ ನಾನೇ ಹೇಳಿದ್ದೆ.

ಇಂಥ ಕಡೆಗಳಲ್ಲಿ ನಮ್ಮನ್ನು ಕಾಪಾಡಿದ್ದು ಅದೇ ಕ್ಯಾಲೆಂಡರ್ ಹಾಳೆಯ ಇನ್ನೊಂದು ಅಂಕಣ: ಯಾರು ಏನು ಬಿಟ್ಟುಕೊಟ್ಟರು. ನಾನು ಪೂರ್ತಿ ತೆರೆದ ಅಡುಗೆಮನೆ, ಯಜಮಾನರು ಹಿಂದಿನ ನೆಲ, ಮಗಳು ಹಜಾರದ ಬಿಳುಪು, ಅತ್ತೆ ಸದಾ ಮುಚ್ಚಿರುವ ಬಾಗಿಲು. ಹಿಂದಿನ ಸಲ ಬಿಟ್ಟವರಿಗೆ ಮುಂದಿನ ತೀರ್ಮಾನದಲ್ಲಿ ಮೊದಲ ಮಾತು. ಹೀಗೆ ಬರೆದಿಡದ ಮನೆಗಳಲ್ಲಿ ಬಿಡುವವರು ಯಾವಾಗಲೂ ಒಬ್ಬರೇ ಆಗಿರುತ್ತಾರೆ, ಸಾಮಾನ್ಯವಾಗಿ ಮನೆಯ ಗದ್ದಲ ಬೇಗ ಮುಗಿಯಲಿ ಎಂದು ಬಯಸುವವರು. ಅವರ ಬಾಯಿಂದ ಬರುವ “ಹೇಗಾದರೂ ಸರಿ” ಎಂಬ ಮಾತನ್ನು ನಾವು ಒಪ್ಪಿಗೆಯೆಂದು ಹಾಳೆಗೆ ಏರಿಸಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿದೆವು.

ಒಡೆಯುವ ಮುಂಚೆ ಬದುಕಿ ನೋಡಿದ್ದೂ ಉಪಯೋಗಕ್ಕೆ ಬಂತು. ಮಗಳ ಹತ್ತಡಿ ಹತ್ತಡಿ ಕೋಣೆಯಲ್ಲಿ ಎರಡಡಿ ಆಳದ ವಾರ್ಡ್‌ರೋಬು, ಮಂಚ, ಮೇಜು ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದು, ವಾರ್ಡ್‌ರೋಬಿನ ಜಾಗದಲ್ಲಿ ರಟ್ಟಿನ ಪೆಟ್ಟಿಗೆ ಪೇರಿಸಿ ಒಂದು ವಾರ ಓಡಾಡಿದಳು. ಕದ ತೆರೆದರೆ ಮಂಚಕ್ಕೆ ತಾಗುತ್ತದೆ ಎಂಬುದು ನಕ್ಷೆಯಲ್ಲಿ ಕಂಡಿರಲಿಲ್ಲ, ಮೊಣಕಾಲಿಗೆ ಕಂಡಿತು. ಸರಿಸುವ ಕದಕ್ಕೆ ಬದಲಾಯಿಸಿದೆವು. ಸಿಂಕಿನ ಕೆಳಗಿನ ಬೀರುವಿಗೆ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡು, ಕೋಣೆಯದಕ್ಕೆ ಐಎಸ್ 303ರ ಮಾಮೂಲು ದರ್ಜೆ ಸಾಕು ಎಂಬಂಥ ತೀರ್ಮಾನಗಳನ್ನು ಬಡಗಿಗೇ ಬಿಟ್ಟೆವು. ಎಲ್ಲದಕ್ಕೂ ಸಭೆ ಸೇರಿದರೆ ಮನೆ ಎದ್ದು ನಿಲ್ಲುವುದಿಲ್ಲ.

ಈಗ ಹಿಂತಿರುಗಿ ನೋಡಿದರೆ ನಾಲ್ವರ ಜಗಳದಂತೆ ಕಂಡದ್ದು ಬಹಳ ಮಟ್ಟಿಗೆ ಬೇರೆ ಬೇರೆ ವಯಸ್ಸುಗಳ ಜಗಳ. ಇನ್ನು ಇಪ್ಪತ್ತು ವರ್ಷಕ್ಕೆ ತಗ್ಗು ಕಟ್ಟೆಯೂ ಹಿಡಿಕಂಬಿಯೂ ನನಗೇ ಬೇಕು. ಮಗಳ ಮೌನದ ಕೋಣೆಯಲ್ಲಿ ಆಗ ಯಾರ ಗದ್ದಲವೋ. ನನ್ನದಲ್ಲ ಅಂದುಕೊಂಡು ಎದುರು ವಾದಿಸಿದ ಅಗತ್ಯಗಳಲ್ಲಿ ಅರ್ಧ ನನ್ನವೇ, ಇನ್ನೂ ಬಂದಿಲ್ಲ ಅಷ್ಟೆ. ಅದಕ್ಕೇ ಎರಡು ಮಲಗುವ ಕೋಣೆಗಳ ನಡುವಿನ ಆ ನಾಲ್ಕೂವರೆ ಇಂಚಿನ ಗೋಡೆಯಲ್ಲಿ ವೈರು, ಪೈಪು ಯಾವುದನ್ನೂ ಓಡಿಸಿಲ್ಲ. ಮುಂದೆ ಯಾರಿಗಾದರೂ ದೊಡ್ಡ ಕೋಣೆ ಬೇಕಾದರೆ ಒಂದೇ ದಿನದಲ್ಲಿ ತೆಗೆಯಬಹುದು. ಉಳಿದ ಗೋಡೆಗಳಿಗೆ ಪ್ಲಾಸ್ಟರು ಬೀಳುವ ಮೊದಲು ಟೇಪು ಹಿಡಿದು, ಪೈಪು ವೈರುಗಳು ನೆಲದಿಂದ ಎಷ್ಟು ಎತ್ತರದಲ್ಲಿ, ಮೂಲೆಯಿಂದ ಎಷ್ಟು ದೂರದಲ್ಲಿವೆ ಎಂದು ಕಾಣುವಂತೆ ಫೋಟೊ ತೆಗೆಸಿ, ಪ್ರಿಂಟು ಹಾಕಿಸಿ ಮನೆಯ ಪತ್ರಗಳ ಜೊತೆ ಇಟ್ಟಿದ್ದೇವೆ. ಮುಂದೆ ಒಡೆಯುವವರು ಮಗಳೋ ಇನ್ಯಾರೋ, ಡ್ರಿಲ್ಲು ಹಿಡಿಯುವ ಮೊದಲು ಅದನ್ನು ನೋಡಿಕೊಳ್ಳಲಿ.